ಲಕ್ಷ್ಮಿಯ ಸೀರೆ ಬಿಚ್ಚಿದ ಚೆಕ್ಕರ್

ಕಳೆದ ಶುಕ್ರವಾರ ಬೆಳಗ್ಗೆ, ಅಜ್ಜಿ ಸ್ನಾನಕ್ಕೆ ಹೋದ ಹೊತ್ತು ನೋಡಿ ದೇವರ ಕೋಣೆಯ ಲಕ್ಷ್ಮಿ ಪಟವನ್ನು ಕೆಳಗಿಳಿಸಿದೆ.

ನಮ್ಮೂರು ರೊಳ್ಳದ ಹತ್ತಿರ. ನಾನಿರುವುದು ರಾಯದುರ್ಗದಲ್ಲಿ, ಜೀನ್ಸ್ ಯೂನಿಟ್ಟಿನ ಚೆಕ್ಕರ್. ಹೊಲಿಗೆ ತಪ್ಪಿದ ಪ್ಯಾಂಟು ಹುಡುಕುವ ಕೆಲಸ. ರಜೆಗೆ ಊರಿಗೆ ಬಂದರೂ ಕೈ ಸುಮ್ಮನಿರುವುದಿಲ್ಲ.

ಹಿಂದೆ ದೇವರ ಪಟಗಳನ್ನು ಕಲ್ಲಚ್ಚಿನಲ್ಲಿ, ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲಿಟ್ಟು ಮುದ್ರಿಸುತ್ತಿದ್ದರೆಂದು ಪೇಪರಿನಲ್ಲಿ ಓದಿದ್ದೆ. ಈಗಿನ ಪ್ರಿಂಟಿನಲ್ಲಿ ಚುಕ್ಕೆಗಳು ಸಾಲಾಗಿ ನಿಂತಿರುತ್ತವಂತೆ. ಕಲ್ಲಚ್ಚಿನಲ್ಲಿ ಮರಳು ಚೆಲ್ಲಿದ ಹಾಗೆ.

ಬಟ್ಟೆಯ ಎಳೆ ಎಣಿಸುವ ಲೆನ್ಸ್ ಜೇಬಿನಲ್ಲಿತ್ತು. ಪಟದ ಗಾಜು ತೆಗೆದು ಲೆನ್ಸನ್ನು ಲಕ್ಷ್ಮಿಯ ಕೆನ್ನೆಯ ಮೇಲಿಟ್ಟೆ... ಮರಳು! ಕಲ್ಲಚ್ಚೇ!

ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಕತ್ತಿನ ಕೆಳಗೆ ಯಾರೋ ನಿಜವಾದ ಬಟ್ಟೆಯ ಸೀರೆ ಹೊಲಿದಿದ್ದರು, ಜರಿ ಅಂಚು, ಚಮ್ಕಿ ಸಮೇತ. ಅದರಡಿ ಅಸಲಿ ಚಿತ್ರ ಮುಚ್ಚಿಹೋಗಿದೆ ಎಂದು ನನ್ನೊಳಗಿನ ತಜ್ಞ ತೀರ್ಪು ಕೊಟ್ಟ. ದಾರ ಕತ್ತರಿಸಿಬಿಟ್ಟೆ.

ಹೂವು ಹಿಡಿದು ಬಂದ ಅಜ್ಜಿ ಬಾಗಿಲಲ್ಲೇ ನಿಂತಳು.

"ಏನ್ಲಾ ಮಾಡ್ದೆ? ಶುಕ್ರವಾರದ ದಿನ ಆಯಮ್ಮನ ಸೀರೆ ಬಿಚ್ಚಿ ಕೂತಿದೀಯಲ್ಲೋ!"

"ಇದು ಆಮೇಲೆ ಹೊಲ್ದಿರೋದು ಅಜ್ಜಿ. ಅಸಲಿ ಪಟ ಕೆಳಗೈತೆ."

"ಪಟ ಅಂಗ್ಡೀಲಿ ಎಲ್ರಿಗೂ ಒಂದೇ ತರ ಸಿಕ್ತಿತ್ತು ಕಣ್ಲಾ. ನಮ್ಮತ್ತೆ ತನ್ನ ಮದ್ವೆ ಸೀರೆ ಕತ್ತರ್ಸಿ ಉಡ್ಸಿದ್ ಮ್ಯಾಲೇ ಅದು ನಮ್ಮನೆ ಲಕ್ಷ್ಮಿ ಆಗಿದ್ದು."

ಪಟಕ್ಕೆ ಟವೆಲ್ ಹೊದಿಸಿದಳು. ಸೀರೆ ಉಡಿಸುವ ತನಕ ದೀಪವಿಲ್ಲ. ದೀಪ ಹಚ್ಚದೆ ಅಜ್ಜಿ ಕಾಫಿಯನ್ನೂ ಮುಟ್ಟುವುದಿಲ್ಲ. ಶುಗರ್ ಇರುವ ಜೀವ, ಮಾತ್ರೆಯೂ ಹಾಗೇ ಉಳಿಯಿತು. ಸೂಜಿ ಹಿಡಿಯಲು ಅವಳಿಗೆ ಕಣ್ಣು ಕಾಣುವುದಿಲ್ಲ.

ಯೂನಿಟ್ಟಿನ ಟೈಲರ್‌ಗೆ ಫೋನ್ ಮಾಡಿದೆ.

"ಪ್ಯಾಂಟಿಂದಾದ್ರ ಕೇಳ್ರಿ, ಹೇಳ್ತೀನಿ. ಲಕ್ಷ್ಮಿ ಸೀರಿ ನೆರಿಗಿ ನನಗೇನ್ ಗೊತ್ತೈತ್ರಿ? ನೀವ್ಯಾಕ ಬಿಚ್ಚಾಕ ಹೋದ್ರಿ?" ಎಂದ.

ಹೊಸ ತೂತು ಹಾಕಿದರೆ ಹಳೆಯ ಕಾಗದ ಹರಿಯುತ್ತದೆ. ಮುತ್ತಜ್ಜಿಯ ಸೂಜಿ ತೂರಿದ ತೂತುಗಳನ್ನೇ ಹುಡುಕುತ್ತಾ ಕೂತೆ. ಹೆಬ್ಬೆರಳಗಲದ ಜಾಗದಲ್ಲಿ ಅವಳು ಏಳು ನೆರಿಗೆ ಹಿಡಿದಿದ್ದಳು. ನನಗೆ ಬಂದದ್ದು ಮೂರು, ಅದೂ ಸೊಟ್ಟ. ಪ್ಯಾಂಟಾಗಿದ್ದರೆ ನಾನೇ ಮೂಲೆಗೆ ಎಸೆಯುತ್ತಿದ್ದೆ.

ಮಧ್ಯಾಹ್ನ ಎರಡಾಗಿತ್ತು. ಅಜ್ಜಿ ನೆರಿಗೆಯ ಮೇಲೆ ಬೆರಳಾಡಿಸಿದಳು.

"ಕಾಲಿಗೆ ತೊಡರ್ಕಂತೈತೆ ಇದು. ಹೋಗ್ಲಿ, ಆಯಮ್ಮ ಕೂತವ್ಳೆ, ನಡೆಯಂಗಿಲ್ಲ ಬಿಡು."

ದೀಪ ಹಚ್ಚಿದಳು. ಕಾಫಿ ಕೇಳಿದಳು.

ನಿಮ್ಮ ಮನೆಯ ಪಟದ ದೇವರಿಗೂ ಯಾರಾದರೂ ಸೀರೆ ಉಡಿಸಿದ್ದಾರಾ? ಬಿಚ್ಚಿ ನೋಡಬೇಡಿ, ಹಿರಿಯರನ್ನು ಕೇಳಿ ಹೇಳಿ.