ದಿಂಬಿನ ಪಕ್ಕದ ಗಡಿಯಾರ

ನನ್ನ ಅತ್ತಿಗೆಯ ಕೆಲಸ ಏನೆಂದು ತಿಳಿದವರೆಲ್ಲ ಮೂಗು ಮುರಿಯುತ್ತಾರೆ. ನೆಂಟರಂತೂ ಅವಳು ಬಡಿಸಿದ್ದನ್ನು ಮುಟ್ಟಲೂ ಹಿಂದೆಮುಂದೆ ನೋಡುತ್ತಾರೆ. ಕಾಲೇಜಿನ ಮನಶ್ಶಾಸ್ತ್ರ ವಿಭಾಗದಲ್ಲಿ ಅವಳು ಸಹಾಯಕಿ. ಪ್ರಯೋಗಕ್ಕೆ ಬಂದವರ ಕೈಗಡಿಯಾರ, ಫೋನು ತೆಗೆದಿರಿಸಿ, ಗೋಡೆ ಗಡಿಯಾರಕ್ಕೆ ಬಟ್ಟೆ ಮುಚ್ಚಿ, ಪರದೆಯ ಮೇಲೆ ಚಿತ್ರ ತೋರಿಸುತ್ತಾಳೆ. ಹುಳ ಬಿದ್ದ ಮಾಂಸ, ಕೀವು ಸೋರುವ ಗಾಯ, ಉಕ್ಕಿ ಹರಿದ ಕಕ್ಕಸು. ನಡುನಡುವೆ ಬರೀ ಕುರ್ಚಿ, ಬಕೆಟ್ಟು. ಚಿತ್ರ ಮಾಯವಾದ ಮೇಲೆ, ಅದು ಎಷ್ಟು ಹೊತ್ತು ಇತ್ತು ಅನ್ನಿಸಿತೋ ಅಷ್ಟು ಹೊತ್ತು ಒಂದು ಗುಂಡಿ ಒತ್ತಿ ಹಿಡಿಯಬೇಕು. ಎಲ್ಲ ಚಿತ್ರಗಳೂ ನಿಲ್ಲುವುದು ಒಂದೇ ಹೊತ್ತು. ಆದರೂ ಹೇಸಿಗೆಯ ಚಿತ್ರ ಕಂಡ ಮೇಲೆ ಹಲವರು ಗುಂಡಿಯನ್ನು ಹೆಚ್ಚು ಹೊತ್ತು ಒತ್ತುತ್ತಾರೆ.

"ಅವ್ರೇನೂ ಸುಳ್ಳು ಹೇಳಲ್ಲ ಕಣೆ. ಅವ್ರಿಗೆ ಅನ್ನಿಸೋದೇ ಹಾಗೆ," ಎನ್ನುತ್ತಾಳೆ ಅತ್ತಿಗೆ.

ಯಾರಾದರೂ ವಾಂತಿ ಮಾಡಿಕೊಂಡರೆ ಒರೆಸುವವಳೂ ಅವಳೇ. ಆಮೇಲೆ ಕೈ ತೊಳೆದು, ಅದೇ ಮೇಜಿನ ಮೇಲೆ ಡಬ್ಬಿ ಬಿಚ್ಚಿ ನೆಮ್ಮದಿಯಾಗಿ ಊಟ ಮಾಡುತ್ತಾಳೆ.

ಮನೆಯಲ್ಲಿ ಅಪ್ಪ ಹಾಸಿಗೆ ಹಿಡಿದಿದ್ದಾರೆ. ಮಲಗಿ ಮಲಗಿ ಎಡ ಸೊಂಟದಲ್ಲಿ ಹುಣ್ಣಾಗಿದೆ, ನಾರುತ್ತದೆ. ಹಗಲು ನಾನು ನೋಡಿಕೊಳ್ಳುತ್ತೇನೆ, ರಾತ್ರಿ ಅತ್ತಿಗೆ. ಅಣ್ಣನ ಪಾಲಿಗೆ ಸಂಜೆ ಸ್ವಲ್ಪ ಹೊತ್ತು ಮಾತ್ರ. ಅವನು ಮೂಗಿಗೆ ಕರವಸ್ತ್ರ ಒತ್ತಿಕೊಂಡು ಬಾಗಿಲಲ್ಲೇ ನಿಂತು, ಹೇಗಿದೆ ಎಂದು ಕೇಳಿ, ಉತ್ತರ ಬರುವ ಮೊದಲೇ ಕಾಲು ಕೀಳುತ್ತಾನೆ.

ಅಂಥವನು ಒಂದು ಸಂಜೆ, "ದಿನಾ ಅರ್ಧ ಗಂಟೆ ಆ ವಾಸನೇಲಿ ಕೂತ್ಕೋತೀನಿ. ಇನ್ನು ನನ್ನ ಕೈಲಾಗಲ್ಲ. ವೃದ್ಧಾಶ್ರಮಕ್ಕೆ ಸೇರಿಸಿಬಿಡೋಣ," ಎಂದ.

ನನಗೆ ಮೈಯೆಲ್ಲ ಉರಿಯಿತು. ಹುಣ್ಣಿಗಿಂತ ಅವನ ಆ ಅರ್ಧ ಗಂಟೆಯೇ ಹೆಚ್ಚು ನಾರುತ್ತಿತ್ತು.

ಅತ್ತಿಗೆ ಕೈ ಚಾಚಿದಳು. "ರೀ, ಗಡಿಯಾರ ಬಿಚ್ಚಿ ಕೊಡಿ. ಫೋನೂ ಇಲ್ಲಿಡಿ. ಮಾವನ ಹತ್ರ ಹೋಗಿ ಕೂತ್ಕೊಂಡು, ಅರ್ಧ ಗಂಟೆ ಆಯ್ತು ಅನ್ನಿಸ್ದಾಗ ಎದ್ದು ಬನ್ನಿ. ಲೆಕ್ಕ ಸರಿಯಿದ್ರೆ ನಾಳೇನೇ ಸೇರಿಸೋಣ."

ಹೀಗೆ ಪಣ ಕಟ್ಟುವುದೇ ಎಂದು ನಾನು ಅತ್ತಿಗೆಯ ತೋಳು ಹಿಡಿದೆ. ಒಳಗೆ ಮಲಗಿದವರು ನನ್ನ ಅಪ್ಪ. ಅಣ್ಣ ಮಾತ್ರ, "ನಿನ್ನ ಕಾಲೇಜಿನ ಆಟ ನನ್ನ ಹತ್ರ ಬೇಡ," ಎಂದು ಗೊಣಗುತ್ತಲೇ ಎರಡನ್ನೂ ಕೊಟ್ಟು ಒಳಗೆ ಹೋದ.

ಅತ್ತಿಗೆ ಒಲೆಯ ಮೇಲೆ ಹಾಲಿಟ್ಟಳು. ಅದು ಉಕ್ಕುವ ಮೊದಲೇ ಅಣ್ಣ ಹಣೆಯ ಬೆವರು ಒರೆಸಿಕೊಳ್ಳುತ್ತ ಹೊರಬಂದ.

"ಆಯ್ತು. ಜಾಸ್ತೀನೇ ಆಗಿರ್ಬೇಕು."

ಅತ್ತಿಗೆ ಗಡಿಯಾರವನ್ನು ಅವನ ಮುಖದ ಮುಂದೆ ಹಿಡಿದಳು. ಅವನ ಮುಖ ಬಿಳಿಚಿಕೊಂಡಿತು. ಅವನಿಗೆ ನಿಜಕ್ಕೂ ಹಾಗೇ ಅನ್ನಿಸಿತ್ತೇನೋ ಎಂದು ಒಂದು ಗಳಿಗೆ ನನಗೂ ಅಯ್ಯೋ ಎನ್ನಿಸಿತು.

ಅಷ್ಟರಲ್ಲಿ ಒಳಗಿನಿಂದ ಅಪ್ಪನ ದನಿ ಬಂತು. "ಅವನನ್ನ ಏನೂ ಅನ್ಬೇಡಮ್ಮ. ಪಾಪ, ತುಂಬಾ ಹೊತ್ತು ಕೂತಿದ್ದ."

ನಾಚಿ ನೀರಾಗಬೇಕಿದ್ದ ಅಣ್ಣ ತಲೆಯೆತ್ತಿದ. "ಕೇಳ್ದ್ಯಾ? ಅಪ್ಪನ ಬಾಯಲ್ಲೇ ಬಂತಲ್ಲ."

ಇವನ ಬೆನ್ನಿಗೆ ಹುಟ್ಟಿದೆನಲ್ಲ ಎಂದು ನನಗೆ ಹೇಸಿಗೆಯಾಯಿತು.

ಅತ್ತಿಗೆ ಜಗಳಕ್ಕಿಳಿಯಲಿಲ್ಲ. ಒಳಗೆ ಹೋಗಿ ಗಡಿಯಾರವನ್ನು ಅಪ್ಪನ ದಿಂಬಿನ ಪಕ್ಕ ಇಟ್ಟು ಬಂದಳು. "ಮಾವ ಎಲ್ಲೂ ಹೋಗಲ್ಲ. ನಿಮ್ಮ ಗಡಿಯಾರಾನೂ ಅಲ್ಲೇ ಇರುತ್ತೆ. ಟೈಮ್ ನೋಡ್ಬೇಕು ಅನ್ನಿಸಿದ್ರೆ ಹೋಗಿ, ಕೂತು ನೋಡ್ಕೊಳ್ಳಿ."

ಅಪ್ಪನಿಗೆ ಖುಷಿಯೋ ಖುಷಿ. ಮಗ ಟೈಮ್ ನೋಡಲು ಬರುತ್ತಾನೆಂದು, ಸಂಜೆಯಾದರೆ ಸಾಕು, ಬಾಗಿಲ ಕಡೆಗೆ ತಿರುಗಿಸಿ ಮಲಗಿಸು ಎನ್ನುತ್ತಾರೆ. ಅದು ಹುಣ್ಣಿರುವ ಮಗ್ಗುಲು. ಬೇಡವೆಂದರೂ ಕೇಳುವುದಿಲ್ಲ.

ಅಣ್ಣ ಆ ವಾರವೇ ಹೊಸ ಗಡಿಯಾರ ಕೊಂಡ.