ಲೋಟ ಬಿಡದ ಮೇಷ್ಟ್ರು

ಮೇಷ್ಟ್ರ ಸುದ್ದಿ ನನ್ನ ಕಿವಿಗೆ ಮೊದಲು ಬಿದ್ದದ್ದು ಒಂದು ಸೋಮವಾರ. ವಿಮಾನ ಓಡಿಸಲು ಕಲಿಸುವ ಮೈದಾನ ನನ್ನ ಹೊಲಿಗೆ ಅಂಗಡಿಯ ಹಿಂದೆಯೇ ಇತ್ತು. ಅಲ್ಲಿನ ಕಾವಲುಗಾರ ಬಾಗಿಲಲ್ಲಿ ನಿಂತು, "ಅಕ್ಕಾ, ನಮ್ಮ ಮೇಷ್ಟ್ರಿಗೆ ಆಳುದ್ದ ಒಂದು ಚೀಲ ಬೇಕಂತೆ. ಎರಡೂ ಕಡೆ ಬಾಯಿ ಇರ್ಬೇಕು, ತಳ ಇರ್ಬಾರ್ದು" ಅಂದ.

"ತಳ ಇಲ್ದಿರೋ ಚೀಲದಲ್ಲಿ ಏನಪ್ಪಾ ತುಂಬ್ತಾರೆ?"

"ಗಾಳಿ."

ನಿಮ್ಮ ಮೇಷ್ಟ್ರ ತಲೆ ನೆಟ್ಟಗಿದೆಯಾ ಅಂತ ಕೇಳಿ ಕಳಿಸಿದೆ. ಮಾರನೇ ದಿನ ಅವರೇ ಬಂದರು. "ನೆಟ್ಟಗಿದೆಯೋ ಇಲ್ವೋ ನೀವೇ ನೋಡಿ" ಎಂದು ಟೋಪಿ ತೆಗೆದರು. ಒಂದು ಕೂದಲೂ ಇರಲಿಲ್ಲ. ಯಜಮಾನರು ಹೋದ ಮೇಲೆ ನಾನು ಸರಿಯಾಗಿ ನಕ್ಕದ್ದು ಅವತ್ತೇ.

ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ತೋರಿಸಲು ಕಂಬದ ತುದಿಗೆ ಕಟ್ಟುವ ಚೀಲ ಅದು. ಕೆಂಪು ಬಟ್ಟೆಯಲ್ಲಿ ಹೊಲಿದುಕೊಟ್ಟೆ. ಮೇಲಿನಿಂದ ನೋಡಿದರೆ ಮೆಣಸಿನಕಾಯಿಯಷ್ಟು ಕಾಣುತ್ತದೆ, ಕೊನೆಗೊಂದು ದಿನ ವಿಮಾನದಲ್ಲಿ ಕೂತು ನಾನೇ ಕಂಡಿದ್ದೇನೆ. ಬಿಸಿಲಿಗೆ ಬಟ್ಟೆ ಜೀರ್ಣವಾದಾಗಲೆಲ್ಲ ಹೊಸದು ಬೇಕು. ಹಾಗೆ ಅವರ ನಮ್ಮ ಒಡನಾಟ ಹನ್ನೊಂದು ವರ್ಷ ನಡೆಯಿತು.

ಅವರ ವಿಮಾನದಲ್ಲಿ ಇಬ್ಬರಿಗೇ ಜಾಗ. ಇಬ್ಬರ ಮುಂದೆಯೂ ಒಂದೊಂದು ಹಿಡಿಕೆ, ಒಂದನ್ನು ಎಳೆದರೆ ಇನ್ನೊಂದೂ ಅಲುಗುತ್ತದೆ. ಕೈ ಬದಲಿಸುವಾಗ ತೆಗೆದುಕೊಂಡವರು "ಹಿಡಿದೆ" ಅನ್ನಬೇಕು. ಅದು ಕಿವಿಗೆ ಬಿದ್ದ ಮೇಲೇ ಇನ್ನೊಬ್ಬರು ಬಿಡಬೇಕು. ಈ ಚಾಳಿ ಅವರಿಗೆ ನೆಲದ ಮೇಲೂ ಅಂಟಿಕೊಂಡಿತ್ತು. ಟೀ ಲೋಟ ಕೊಟ್ಟರೆ "ಹಿಡಿದೆ" ಅನ್ನುವರು. ನಾನು ಕತ್ತರಿ ಕೇಳಿದರೂ ಆ ಮಾತು ನನ್ನ ಬಾಯಿಂದ ಬರುವ ತನಕ ಬಿಡುತ್ತಿರಲಿಲ್ಲ.

"ನಾನೇನು ವಿಮಾನ ಓಡಿಸ್ತೀನಾ ಮೇಷ್ಟ್ರೇ?"

"ಒಂದಿನ ಬನ್ನಿ, ಕೂರಿಸ್ತೀನಿ."

"ಸತ್ತ ಮೇಲೆ ಹೇಗೂ ಮೇಲಕ್ಕೇ ಹೋಗೋದು. ಈಗ್ಲೇ ಏನವಸರ?"

ಹೀಗಿರುವಾಗ ಒಂದು ವರ್ಷ ಬಸ್ ಡ್ರೈವರನ ಮಗಳು ಕಲಿಯಲು ಸೇರಿದಳು. ಗಿಡ್ಡ ಹುಡುಗಿ, ಹಟ ಮಾತ್ರ ಅವಳಿಗಿಂತ ಉದ್ದ. "ಇವಳ ಕೈ ಬಲು ಹದ ಅಕ್ಕಾ, ನನಗಿಂತ ಚೆನ್ನಾಗಿ ಇಳಿಸ್ತಾಳೆ" ಎಂದು ಮೇಷ್ಟ್ರು ಎಲ್ಲರೆದುರೂ ಹೊಗಳುವರು.

ಅಪಘಾತವಾದ ಬೆಳಿಗ್ಗೆ ನಾನು ಹೊಸ ಚೀಲ ತಲುಪಿಸಲು ಕಂಬದ ಬುಡದಲ್ಲಿದ್ದೆ. ಮೇಷ್ಟ್ರೂ ಹುಡುಗಿಯೂ ಕೂತಿದ್ದ ವಿಮಾನ ಇಳಿಯುತ್ತಿತ್ತು. ಪಕ್ಕದಿಂದ ಒಂದು ಗಾಳಿ ರಪ್ಪನೆ ಬಂತು. ನೆಲ ಇನ್ನೂ ಎರಡಾಳು ಕೆಳಗಿದೆ ಅನ್ನುವಾಗ ವಿಮಾನ ಕಲ್ಲಿನ ಹಾಗೆ ಬಿತ್ತು. ಪುಟಿದು ಮತ್ತೆ ಬಿತ್ತು. ಮುಂದಿನ ಚಕ್ರ ಮುರಿದು ಮೂತಿ ನೆಲಕ್ಕೆ ಒರಗಿತು. ಹುಡುಗಿಯ ತುಟಿ ಒಡೆದಿತ್ತು, ಅಷ್ಟೇ. ಮೇಷ್ಟ್ರ ಬೆನ್ನುಮೂಳೆ ಜಜ್ಜಿಹೋಗಿತ್ತು.

ವಿಚಾರಣೆಗೆ ಬಂದವರಿಗೆ ಹುಡುಗಿ, "ನಾನೇ ಕೈ ಬಿಟ್ಟೆ" ಅಂದಳು. ಅದು ಗೊತ್ತಾದದ್ದೇ ಮೇಷ್ಟ್ರು ಆಸ್ಪತ್ರೆಯಲ್ಲಿ ಮಲಗಿದ್ದಲ್ಲೇ ಕಾಗದ ತರಿಸಿ ಬರೆದುಕೊಟ್ಟರು: ಗಾಳಿಗೆ ಹೆದರಿ ನಾನು ಎರಡು ಬೆರಳಿನಿಂದ ಹಿಡಿಕೆ ಮುಟ್ಟಿದೆ. ಹಿಡಿದೆ ಎಂದು ಹೇಳಲಿಲ್ಲ. ನಾನು ತೆಗೆದುಕೊಂಡೆನೆಂದು ಅವಳು ಬಿಟ್ಟಳು. ಅವಳು ಸಂಭಾಳಿಸಿದಳೆಂದು ನಾನು ಬೆರಳು ತೆಗೆದೆ.

ಅಷ್ಟು ವರ್ಷ ಟೀ ಲೋಟಕ್ಕೂ ಹೇಳಿದ ಮಾತನ್ನು ಆ ಒಂದು ಗಳಿಗೆಯಲ್ಲಿ ಹೇಳಿರಲಿಲ್ಲ.

ಅವರು ಮತ್ತೆ ಹಾರಲಿಲ್ಲ. ಹುಡುಗಿ ಬೇರೆಯವರ ಹತ್ತಿರ ಕಲಿತು, ಹಲ್ಲು ಕಚ್ಚಿಕೊಂಡು ಪರೀಕ್ಷೆ ಮುಗಿಸಿ ಲೈಸೆನ್ಸ್ ತೆಗೆದುಕೊಂಡಳು. ಆದರೆ ಹಾರಿದರೆ ಒಬ್ಬಳೇ. ಅಂಗಡಿಗೆ ಬಂದು ಹೊಲಿಗೆ ಮಷಿನ್ ಪಕ್ಕ ಕೂತು ಹೇಳಿದಳು: "ಪಕ್ಕದಲ್ಲಿ ಯಾರಾದ್ರೂ ಕೂತ್ರೆ ಅವರ ಕೈಯನ್ನೇ ನೋಡ್ತೀನಿ ಅಜ್ಜಿ. ಅವರು ಅಲುಗಿದ್ರೆ ಸಾಕು, ನನ್ನ ಬೆರಳು ಸಡಿಲ ಆಗುತ್ತೆ. ಅಪ್ಪನ ಬಸ್ಸಲ್ಲಿ ಐವತ್ತು ಜನ ಕೂರ್ತಾರೆ. ಒಬ್ಬರನ್ನೂ ಕೂರಿಸ್ಕೊಳ್ಳದ ಪೈಲಟ್‌ಗೆ ಯಾರು ಕೆಲಸ ಕೊಡ್ತಾರೆ? ಬಿಟ್ಟುಬಿಡ್ತೀನಿ."

ಇದನ್ನು ಮೇಷ್ಟ್ರಿಗೆ ಹೇಳಲು ಹೋದೆ. ಅವರು ಹಾಸಿಗೆ ಹಿಡಿದು ಮೂರನೇ ವರ್ಷ. ಎದೆಯಲ್ಲಿ ಕಫ ಕಟ್ಟಿ ಮಾತಿಗೊಮ್ಮೆ ಏದುಸಿರು. ಅವರ ಹೆಂಡತಿ ಇಬ್ಬರಿಗೂ ಟೀ ತಂದರು. ನನ್ನ ಲೋಟವನ್ನು ಮೇಷ್ಟ್ರೇ ತೆಗೆದು ನನ್ನತ್ತ ಚಾಚಿದರು.

"ಅಕ್ಕಾ, ನೀವು ಕೂತ್ಕೊಳ್ಳಿ ಅವಳ ಪಕ್ಕ."

"ನಾನಾ? ನನಗೆ ಏಣಿ ಹತ್ತಿದ್ರೇ ತಲೆ ತಿರುಗುತ್ತೆ."

"ಅದಕ್ಕೇ ಹೇಳ್ತಿರೋದು. ನಿಮಗೆ ವಿಮಾನದ ಗಂಧಗಾಳಿ ಇಲ್ಲ ಅಂತ ಅವಳಿಗೆ ಗೊತ್ತು. ನೀವು ಹಿಡೀತೀರಿ ಅಂತ ಅವಳು ಕನಸಲ್ಲೂ ಅಂದ್ಕೊಳ್ಳಲ್ಲ. ಎರಡೂ ಕೈ ಮಡಿಲಲ್ಲಿರಲಿ. ಗಾಳಿ ಎಷ್ಟೇ ಬೀಸ್ಲಿ, ಎತ್ತಬೇಡಿ."

ನಾನು ಲೋಟಕ್ಕೆ ಕೈ ಹಾಕಿ ಎಳೆದೆ. ಅವರು ಬಿಡಲಿಲ್ಲ.

"ಬಾಯಿಬಿಟ್ಟು ಹೇಳಿ ಅಕ್ಕಾ" ಅಂದರು. "ಆಮೇಲೆ ಬಿಡ್ತೀನಿ."