ಮೇಸ್ತ್ರಿ ಮುಚ್ಚಿದ ಗೂಡು

ಗೋಡೆಗೂ ಕಿವಿಯಿದೆ ಅನ್ನುತ್ತಾರೆ. ನಮ್ಮ ಗಾರೆ ಮೇಸ್ತ್ರಿ ಮುಚ್ಚಿದ ಗೋಡೆಗೆ ಮಾತ್ರ ಬಾಯಿರಲಿಲ್ಲ. ಮನೆ ರಿಪೇರಿ ಮಾಡಿಸುವವರು ಗೋಡೆಯ ಹಳೇ ಗೂಡು ಮುಚ್ಚಿಸುವಾಗ ಮಗುವಿನ ಬೂಟು, ಸತ್ತವರ ಕನ್ನಡಕ, ಹೀಗೆ ನೆನಪಿನದೇನಾದರೂ ಒಳಗಿಡುವುದಿತ್ತು. ಆಗ ಮೇಸ್ತ್ರಿ ಬೆನ್ನು ತಿರುಗಿಸಿ ನಿಲ್ಲುತ್ತಿದ್ದ. ಅವರು "ಆಯ್ತು" ಅಂದ ಮೇಲೆ, ಕಣ್ಣು ಹಾಯಿಸದೆ ಇಟ್ಟಿಗೆ ಕೂರಿಸುತ್ತಿದ್ದ. ಮುಚ್ಚುವವನು ಇಣುಕಬಾರದು ಎಂಬುದು ಅವನ ನೇಮ. ಹೆಂಡತಿಯ ಮುಂದೆ ಅದನ್ನೇ ದಿನಾ ಕೊಚ್ಚಿಕೊಳ್ಳುತ್ತಿದ್ದ, ಪುಣ್ಯಾತ್ಮ.

ಅವನ ಮನಸ್ಸಿನಲ್ಲಿ ಮಾಯದೆ ಉಳಿದ ಗಾಯ ಒಂದೇ: ಎತ್ತಿ ಆಡಿಸಿದ ಅಕ್ಕ. ಮೆಚ್ಚಿದವನನ್ನು ಕಟ್ಟಿಕೊಂಡು ಹೋದವಳು ಒಂದು ಸಾಲೂ ಬರೆಯಲಿಲ್ಲವೆಂದು ತನ್ನ ಮದುವೆಗೂ ಅವಳನ್ನು ಕರೆದಿರಲಿಲ್ಲ.

ಮೊನ್ನೆ ತನ್ನದೇ ಅಡುಗೆಮನೆ ದೊಡ್ಡದು ಮಾಡಲು ಸುತ್ತಿಗೆ ಎತ್ತಿದ. ಕಸುಬು ಕಲಿತ ಹೊಸದರಲ್ಲಿ, ಅಮ್ಮ ಹೇಳಿದಳೆಂದು ಅವನೇ ಮುಚ್ಚಿದ್ದ ಗೂಡು ಅಲ್ಲಿತ್ತು. ಅವತ್ತೂ ಬೆನ್ನು ತಿರುಗಿಸಿಯೇ ನಿಂತಿದ್ದ. ಎರಡೇಟಿಗೆ ಬಿಸ್ಕತ್ತಿನ ಡಬ್ಬಿಯೊಂದು ಉರುಳಿ, ಕಾಗದಗಳು ನೆಲದ ತುಂಬ ಚೆಲ್ಲಿದವು. ನೇಮಸ್ಥ ಮುಖ ತಿರುಗಿಸಿದ. ಹೆಂಡತಿ ಎತ್ತಿಕೊಂಡು ನೋಡಿದಳು.

"ರೀ, ಎಲ್ಲಾ ನಿಮ್ಮ ಹೆಸರಿಗೇ ಬಂದಿವೆ."

ಅಕ್ಕನ ಅಕ್ಷರ. ಹನ್ನೊಂದು ಕಾಗದ. ಅವನು ತಿರುಗಿ ಅವನ್ನು ಕೈಗೆ ತೆಗೆದುಕೊಂಡ. ಕೊನೆಯದರಲ್ಲಿ ಹೀಗಿತ್ತು: "ತಮ್ಮಾ, ಉತ್ತರ ಬರೆಯದಿದ್ರೆ ಬೇಡ. ಬರೋ ಮಂಗಳವಾರ ಮನೆ ಎದುರು, ಬೀದಿಯ ಆಚೆ ನಿಂತಿರ್ತೀನಿ. ನೀನು ಕರೆದ್ರೆ ಒಳಗೆ ಬರ್ತೀನಿ. ಇಲ್ಲದಿದ್ರೆ ಮತ್ತೆ ಈ ಕಡೆ ತಲೆ ಹಾಕಲ್ಲ."

ಅಮ್ಮ ಬಾಗಿಲಲ್ಲಿ ನಿಂತಿದ್ದಳು.

"ಸುಡೋಕೆ ಕೈ ಬರಲಿಲ್ಲ ಕಣೋ, ಮಗಳ ಅಕ್ಷರ. ನಿನಗೆ ಕೊಟ್ಟಿದ್ರೆ ನೀನೂ ಅವಳ ಹಿಂದೆ ಹೋಗ್ತಿದ್ದೆ."

"ಅವತ್ತು ಅವಳು ಬಂದಿದ್ಲಾ?"

"ಸಂಜೆವರೆಗೂ ನಿಂತಿದ್ಲು. ನೀನು ಹೊರಗೆ ಹೋಗಬಾರದು ಅಂತಲೇ ಈ ಗೂಡಿನ ಕೆಲಸ ಹಚ್ಚಿದ್ದೆ."

ಅಲ್ಲೇ ಕೂತುಬಿಟ್ಟ. ಹೆತ್ತವಳು ಹೀಗೂ ಮಾಡಬಹುದೆಂದು ಅವನಿಗೆ ನಂಬಲಾಗಲಿಲ್ಲ. ಲಕೋಟೆಯ ಹಿಂದಿನ ವಿಳಾಸ ಓದಿದ. ಬಸ್ಸಿಗೆ ಎರಡು ಗಂಟೆಯ ದಾರಿ, ಅಷ್ಟೇ. ಮೂವತ್ತು ವರ್ಷದ ಮೇಲೂ ಅಲ್ಲೇ ಇದ್ದಾಳೋ ಇಲ್ಲವೋ. ಎದ್ದು ಚಪ್ಪಲಿ ಮೆಟ್ಟಿದ.

"ನಾನೂ ಬರ್ಲೇನೋ?" ಅಮ್ಮ ಕೇಳಿದಳು.

ಅಮ್ಮನಿಗೆ ಎಂದೂ ಎದುರಾಡಿದವನಲ್ಲ.

"ಬೇಡಮ್ಮ. ನೀನು ಇಲ್ಲೇ ಇರು. ಅವಳು ಕರಕೊಂಡು ಬಾ ಅಂದ್ರೆ, ಆಮೇಲೆ ಬಂದು ಕರಕೊಂಡು ಹೋಗ್ತೀನಿ."